ಸ್ಪ್ಯಾನರ್ ಮೊದಲೋ, ಪದವಿ ಮೊದಲೋ?

ವಾಹನ ಕ್ಷೇತ್ರಕ್ಕೇ ಹೋಗುತ್ತೇನೆ ಎನ್ನುವ ಮಗುವನ್ನು ಐಟಿಐಗೆ ಸೇರಿಸುವುದೋ, ಡಿಪ್ಲೊಮಾಗೋ, ಬಿ.ಇ.ಗೋ? ಅಂಕಪಟ್ಟಿ ಕೈಗೆತ್ತಿಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ ಇಲ್ಲಿದೆ.

ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ ಯುವಿಸಿಇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಅದು. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಶೇಷಾದ್ರಿ ರಸ್ತೆಯಲ್ಲಿ, ಎಸ್‌ಜೆಪಿ ಎಂದೇ ಎಲ್ಲರೂ ಕರೆಯುವ ಸರ್ಕಾರಿ ಪಾಲಿಟೆಕ್ನಿಕ್ ಇದೆ. 1943ರಲ್ಲಿ ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾದಾಗ ಹಿಂದೆ ನಿಂತವರೂ ವಿಶ್ವೇಶ್ವರಯ್ಯನವರೇ. ಇವೆರಡರ ನಡುವೆ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆ ತೆರೆಯಬೇಕೆಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಸೇರಿ ಅವರು ಬಹಳ ಓಡಾಡಿದರು. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ಕೊನೆಗೆ ವಾಲ್‌ಚಂದ್ ಅವರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು.

ಮೋಟಾರು ಕಟ್ಟಬೇಕೆಂದರೆ ನಕ್ಷೆ ಬರೆಯುವವರೂ ಬೇಕು, ನಟ್ಟು ಬಿಗಿಯುವವರೂ ಬೇಕು; ಇಬ್ಬರಿಗೂ ಕಲಿಯಲು ಒಂದೊಂದು ಜಾಗ ಇರಬೇಕು. ಒಬ್ಬರೇ ಮನುಷ್ಯ ಎರಡೂ ಬಗೆಯ ಸಂಸ್ಥೆಗಳನ್ನು ಕಟ್ಟಿಸಿದ್ದರಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಆದರೆ ನಮ್ಮ ಮನೆಗಳಲ್ಲಿ ಇವು ಮೇಲೊಂದು ಕೆಳಗೊಂದು ಕೂತಿವೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಪಿಯುಸಿ ಸೈನ್ಸ್, ಸುಮಾರಾಗಿ ಬಂದರೆ ಡಿಪ್ಲೊಮಾ, ‘ಇವನಿಗೆ ಓದು ಹತ್ತಲ್ಲ’ ಎನಿಸಿದರೆ ಐಟಿಐ. ಹುಡುಗನಿಗೆ ಯಾವ ಕೆಲಸ ಇಷ್ಟ ಎಂಬ ಪ್ರಶ್ನೆ ಈ ವಿಂಗಡಣೆಯಲ್ಲಿ ಎಲ್ಲೂ ಏಳುವುದಿಲ್ಲ. ವಾಹನ ಕ್ಷೇತ್ರದ ಮಟ್ಟಿಗಂತೂ ಅಂಕ ನೋಡಿ ದಾರಿ ಹಿಡಿಸುವ ಈ ಪದ್ಧತಿ ದುಬಾರಿಯಾಗುತ್ತದೆ.

ಕೆಲಸ ಮೂರು ಬಗೆ

‘ಆಟೊಮೊಬೈಲ್ ಲೈನ್’ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರೊಳಗೆ ಮೂರು ಬೇರೆ ಬೇರೆ ಬದುಕುಗಳಿವೆ.

ಮೊದಲನೆಯದು ದುರಸ್ತಿ. ಊರ ಗ್ಯಾರೇಜು, ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡು, ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರು, ಸಾರಿಗೆ ನಿಗಮದ ಡಿಪೊ ಎಲ್ಲವೂ ಇಲ್ಲಿ ಸೇರುತ್ತವೆ. ವಾಹನ ತಯಾರಾಗುವುದು ಒಂದೇ ಸಲ, ರಿಪೇರಿಗೆ ಬರುವುದು ಆಯುಷ್ಯವಿಡೀ. ಹಾಗಾಗಿ ಈ ಕೆಲಸ ಜಿಲ್ಲಾ ಕೇಂದ್ರದಿಂದ ಹೋಬಳಿವರೆಗೆ ಎಲ್ಲೆಡೆ ಉಂಟು, ಊರು ಬಿಡಬೇಕಿಲ್ಲ.

ಎರಡನೆಯದು ತಯಾರಿಕೆ. ಬಿಡದಿಯಲ್ಲಿ ಟೊಯೋಟ, ಹೊಸಕೋಟೆಯಲ್ಲಿ ವೋಲ್ವೊ, ನರಸಾಪುರದಲ್ಲಿ ಹೋಂಡಾ, ಮೈಸೂರಿನಲ್ಲಿ ಟಿವಿಎಸ್, ಧಾರವಾಡದಲ್ಲಿ ಟಾಟಾ ಬಸ್ಸುಗಳು. ಇವುಗಳ ಸುತ್ತ ಬಿಡಿಭಾಗ ಮಾಡಿಕೊಡುವ ಸಣ್ಣ ದೊಡ್ಡ ಕಾರ್ಖಾನೆಗಳು. ಇಲ್ಲಿ ಪಾಳಿ ಕೆಲಸ, ಕನ್ವೇಯರ್ ವೇಗ, ವೆಲ್ಡಿಂಗ್, ಪೇಂಟ್, ಜೋಡಣೆ, ಗುಣಮಟ್ಟ ಪರೀಕ್ಷೆ.

ಮೂರನೆಯದು ವಿನ್ಯಾಸ ಮತ್ತು ಸಂಶೋಧನೆ. ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ ಬೆಂಗಳೂರಿಗೆ ಬಂದದ್ದು 1996ರಲ್ಲಿ. ಬಾಷ್ ಕಂಪನಿಯ ಸಾಫ್ಟ್‌ವೇರ್ ವಿಭಾಗವೂ ಇಲ್ಲೇ ಬೇರೂರಿದೆ; ಏಥರ್‌ನಂಥ ವಿದ್ಯುತ್ ಸ್ಕೂಟರ್ ಕಂಪನಿ ಇಲ್ಲಿ ಬೆಳೆದಿದೆ. ಇಲ್ಲಿ ಕೆಲಸ ಮಾಡುವವರ ಕೈಗೆ ಗ್ರೀಸ್ ಅಂಟುವುದು ಅಪರೂಪ. ಅವರು ಕಂಪ್ಯೂಟರ್ ಪರದೆಯ ಮೇಲೆ ಕಾರನ್ನು ಗೋಡೆಗೆ ಗುದ್ದಿಸಿ ನೋಡುತ್ತಾರೆ, ಬ್ರೇಕಿನ ಕಂಟ್ರೋಲ್ ಯೂನಿಟ್‌ಗೆ ಕೋಡ್ ಬರೆಯುತ್ತಾರೆ, ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಪ್ರತಿ ಬಾಗಿಲೂ ಬೇರೆ ಕಾಗದ ಕೇಳುತ್ತದೆ. ಸಂಶೋಧನಾ ಕೇಂದ್ರಕ್ಕೆ ಬಿ.ಇ. ಇಲ್ಲದೆ ಹೊಗುವುದು ಕಷ್ಟ, ಕೆಲವು ಹುದ್ದೆಗಳಿಗೆ ಎಂ.ಟೆಕ್. ಕೂಡ ಬೇಕು. ಸಾರಿಗೆ ನಿಗಮದ ಡಿಪೊದಲ್ಲಿ ತಾಂತ್ರಿಕ ಸಹಾಯಕನಾಗಲು ಐಟಿಐ ಕೇಳುತ್ತಾರೆ. ಜನ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೆ ಕನಿಷ್ಠ ಅರ್ಹತೆ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ; ಜೊತೆಗೆ ಚಾಲನಾ ಪರವಾನಗಿ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಮೋಟಾರು ಅಥವಾ ಡೀಸೆಲ್ ಮೆಕ್ಯಾನಿಕ್ ಐಟಿಐ ಮಾಡಿದವರು ಅರ್ಜಿ ಹಾಕಬಹುದು. ಬಹಳ ಮನೆಗಳಲ್ಲಿ ಈ ಕೊನೆಯ ಸಂಗತಿ ಗೊತ್ತೇ ಇರುವುದಿಲ್ಲ. ‘ಐಟಿಐ ಮಾಡಿದರೆ ಗ್ಯಾರೇಜೇ ಗತಿ’ ಎಂಬ ಮಾತು ಹುಟ್ಟುವುದು ಹೀಗೆ.

ದಾರಿ ಮೂರು

ಐಟಿಐಯಲ್ಲಿ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎರಡು ವರ್ಷದ ಟ್ರೇಡ್. ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಇತ್ತೀಚೆಗೆ ವಿದ್ಯುತ್ ವಾಹನಕ್ಕೆಂದೇ ಪ್ರತ್ಯೇಕ ಟ್ರೇಡ್ ಕೂಡ ಬಂದಿದೆ. ದಿನದ ಹೆಚ್ಚಿನ ಹೊತ್ತು ವರ್ಕ್‌ಶಾಪಿನಲ್ಲೇ ಕಳೆಯುತ್ತದೆ. ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಪರೀಕ್ಷೆ, ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ, ಆಮೇಲೆ ಯಾವುದಾದರೂ ಕಂಪನಿಯಲ್ಲಿ ಅಪ್ರೆಂಟಿಸ್.

ಡಿಪ್ಲೊಮಾ ಮೂರು ವರ್ಷ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು. ಅರ್ಧ ಪುಸ್ತಕ, ಅರ್ಧ ಪ್ರಯೋಗ. ಇಲ್ಲಿಂದ ಹೊರಬಂದವರು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಲೈನ್ ಮೇಲ್ವಿಚಾರಕರಾಗುತ್ತಾರೆ, ಸರ್ವಿಸ್ ಸೆಂಟರಿನಲ್ಲಿ ಗ್ರಾಹಕರ ಮಾತು ಕೇಳಿ ಜಾಬ್ ಕಾರ್ಡ್ ಬರೆಯುವ ಸರ್ವಿಸ್ ಅಡ್ವೈಸರ್ ಆಗುತ್ತಾರೆ.

ಬಿ.ಇ. ನಾಲ್ಕು ವರ್ಷ. ಅದಕ್ಕೂ ಮೊದಲು ಎರಡು ವರ್ಷ ಪಿಯುಸಿ, ಕೆಸಿಇಟಿ, ರ‍್ಯಾಂಕು, ಕೌನ್ಸೆಲಿಂಗು. ಗಣಿತ ಮತ್ತು ಭೌತಶಾಸ್ತ್ರ ಗಟ್ಟಿಯಾಗಿರಬೇಕು.

ಈ ಮೂರರ ಆಚೆ ಇನ್ನೂ ಕೆಲವು ಬಾಗಿಲುಗಳಿವೆ. ಕಂಪನಿಯೇ ನಡೆಸುವ ಶಾಲೆಗಳು ಒಂದು ಬಗೆ. ಟೊಯೋಟ 2007ರಲ್ಲಿ ಬಿಡದಿಯಲ್ಲಿ ತೆರೆದ ತರಬೇತಿ ಸಂಸ್ಥೆ ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ, ಬಡ ಕುಟುಂಬಗಳ ಮಕ್ಕಳನ್ನು ಆರಿಸಿಕೊಂಡು, ಅಲ್ಲೇ ಊಟ ವಸತಿ ಕೊಟ್ಟು ಮೂರು ವರ್ಷ ಕಲಿಸುತ್ತದೆ. ಈಗ ಹೆಣ್ಣುಮಕ್ಕಳೂ ಅಲ್ಲಿದ್ದಾರೆ. ಹಳೆಯ ಬೆಂಗಳೂರಿಗರ ಬಾಯಲ್ಲಿ ಇಂದಿಗೂ ‘ಮೈಕೊ’ ಆಗಿಯೇ ಉಳಿದಿರುವ ಬಾಷ್ ಕಂಪನಿ 1960ರ ದಶಕದಿಂದಲೂ ಅಪ್ರೆಂಟಿಸ್‌ಗಳನ್ನು ತಾನೇ ತಯಾರು ಮಾಡಿಕೊಂಡು ಬಂದಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಅಚ್ಚು ಮತ್ತು ಟೂಲ್ ಮಾಡುವುದನ್ನು ಹೇಳಿಕೊಡುತ್ತದೆ. ಕಾರಿನ ಬಾಗಿಲಾಗಲಿ ಬಾನೆಟ್ಟಾಗಲಿ ಮೊದಲು ರೂಪ ಪಡೆಯುವುದು ಅಚ್ಚಿನಲ್ಲೇ. ಅದನ್ನು ಮಾಡಬಲ್ಲವರಿಗೆ ಬೇಡಿಕೆ ತಗ್ಗುವುದಿಲ್ಲ.

ವರ್ಷಗಳ ಲೆಕ್ಕ

ಹೆಚ್ಚಿನವರು ಹಾಕದ ಲೆಕ್ಕ ಇಲ್ಲಿಂದ ಶುರು.

ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಪಿಯುಸಿ, ಬಿ.ಇ. ಹಾದಿ ಹಿಡಿದರೆ ಎರಡು ಮತ್ತು ನಾಲ್ಕು ಸೇರಿ ಆರು ವರ್ಷ; ಪದವಿ ಕೈಗೆ ಬರುವಾಗ ಇಪ್ಪತ್ತೆರಡು. ಡಿಪ್ಲೊಮಾ ಮಾಡಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಮೂರು ಮತ್ತು ಮೂರು, ಅಲ್ಲಿಗೂ ಆರೇ ವರ್ಷ. ಇನ್ನೂ ಕೆಳಗಿನಿಂದ ಹೊರಡೋಣ. ಎರಡು ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು. ಎರಡು, ಎರಡು, ಮೂರು: ಒಟ್ಟು ಏಳು ವರ್ಷ. ಸ್ಪ್ಯಾನರ್ ಹಿಡಿಯುವುದರಿಂದ ಶುರುಮಾಡಿ ಎಂಜಿನಿಯರ್ ಆಗುವುದಕ್ಕೆ ಹೆಚ್ಚಿಗೆ ತೆರಬೇಕಾದದ್ದು ಒಂದೇ ಒಂದು ವರ್ಷ. ಪ್ರತಿ ಹಂತದಲ್ಲೂ ನಿಂತು, ಸಂಬಳಕ್ಕೆ ಸೇರಿ, ಮನಸ್ಸಾದಾಗ ಮುಂದಿನ ಮೆಟ್ಟಿಲು ಹತ್ತಬಹುದು. ಕೈಯಲ್ಲಿ ಯಾವಾಗಲೂ ಒಂದು ಪ್ರಮಾಣಪತ್ರ ಇದ್ದೇ ಇರುತ್ತದೆ.

ಈಗ ಇದೇ ಲೆಕ್ಕವನ್ನು ಹಿಂದುಮುಂದು ಮಾಡಿ ನೋಡಿ. ಬಿ.ಇ. ಮೂರನೇ ವರ್ಷದಲ್ಲಿ ಗಣಿತದ ಬಾಕಿ ವಿಷಯಗಳು ಬೆಟ್ಟವಾಗಿ, ‘ನನಗೆ ಬೇಕಾಗಿದ್ದು ಗಾಡಿ ಬಿಚ್ಚಿ ಜೋಡಿಸುವ ಕೆಲಸ’ ಎಂದು ಹುಡುಗನಿಗೆ ಅರಿವಾಯಿತು ಎನ್ನೋಣ. ಅವನು ಇಳಿದು ಬರಲು ಮೆಟ್ಟಿಲೇ ಇಲ್ಲ. ಓದಿದ ವರ್ಷಗಳಿಗೆ ಬೆಲೆ ಕಟ್ಟುವ ಪ್ರಮಾಣಪತ್ರ ಸಿಗುವುದು ಕಷ್ಟ. ಎಜುಕೇಷನ್ ಲೋನಿನ ಕಂತು ತಲೆಯ ಮೇಲೆ ಇರುತ್ತದೆ. ಇಪ್ಪತ್ತೊಂದರ ಅವನು ಐಟಿಐಯಲ್ಲಿ ಹದಿನಾರರ ಹುಡುಗರ ಪಕ್ಕ ಕೂರಬೇಕು. ಮನೆಯವರು ಅದಕ್ಕೆ ಒಪ್ಪುವುದೂ ಇಲ್ಲ.

ದಾರಿ ತಪ್ಪಿದರೆ ತೆರಬೇಕಾದ ದಂಡ ಎರಡು ಕಡೆಗೂ ಒಂದೇ ಸಮ ಇಲ್ಲ ಎಂಬುದು ಇದರ ತಾತ್ಪರ್ಯ. ಕೈಯಿಂದ ತಲೆಯ ಕಡೆಗೆ ಹೋಗುವ ದಾರಿ ಅಗ್ಗ, ತಲೆಯಿಂದ ಕೈಯ ಕಡೆಗೆ ಬರುವುದು ತುಟ್ಟಿ. ಮಗುವಿಗೆ ಯಾವುದು ಒಗ್ಗುತ್ತದೋ ಗೊತ್ತಿಲ್ಲದಿದ್ದಾಗ ಅಗ್ಗದ ಕಡೆಯಿಂದ ಹೊರಡುವುದೇ ಜಾಣತನ.

ಶಿಷ್ಯವೇತನದ ಅಂಕಿ ಕೂಡ ಒಂದು ಮಾತು ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳು ತಿಂಗಳಿಗೆ ಗೊತ್ತು ಮಾಡಿದ ಕನಿಷ್ಠ ಮೊತ್ತ ಐಟಿಐ ಪಾಸಾದವರಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಐಟಿಐಗೂ ಪದವಿಗೂ ನಡುವೆ ನಾಲ್ಕು ವರ್ಷದ ಓದು ಇದೆ, ಮೊದಲ ಮೆಟ್ಟಿಲಿನಲ್ಲಿ ಅದು ತರುವ ವ್ಯತ್ಯಾಸ 2,000 ರೂಪಾಯಿ. ಹಾಗೆಂದು ಮುಂದೆಯೂ ಅಂತರ ಇಷ್ಟೇ ಇರುತ್ತದೆ ಎಂದು ತಿಳಿಯಬಾರದು. ಹತ್ತು ವರ್ಷದ ಹೊತ್ತಿಗೆ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಹಳ ಮುಂದೆ ಹೋಗಿರುತ್ತಾನೆ. ಆದರೆ ಬಿ.ಇ. ಮಾಡಿದವರೆಲ್ಲ ಸಂಶೋಧನಾ ಕೇಂದ್ರಕ್ಕೆ ಹೋಗುವುದಿಲ್ಲ. ಕೆಲಸ ಸಿಗದೆ ಶೋರೂಮಿನಲ್ಲಿ ಕಾರು ಮಾರಲು ನಿಲ್ಲುವ ಪದವೀಧರರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಗ್ಯಾರೇಜೂ ಬದಲಾಗಿದೆ

‘ಮೆಕ್ಯಾನಿಕ್ ಆಗಲು ಓದು ಯಾಕೆ, ಮೇಸ್ತ್ರಿ ಕೈಕೆಳಗೆ ನಾಲ್ಕು ವರ್ಷ ಇದ್ದರೆ ಸಾಕು’ ಎನ್ನುವ ಇನ್ನೊಂದು ವಾದವಿದೆ. ಕಾರ್ಬ್ಯುರೇಟರ್ ಇದ್ದ ಕಾಲಕ್ಕೆ ಅದು ಸರಿಯಾಗಿತ್ತು. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳು ಪ್ರತಿ ಊರಿನಲ್ಲೂ ಇದ್ದರು. ಅಂಥ ಕಿವಿ ಇಂದಿಗೂ ಬೇಕು, ಆದರೆ ಅದೊಂದೇ ಸಾಲದು.

2020ರ ಏಪ್ರಿಲ್ 1ರಂದು ದೇಶ ವಾಹನಗಳ ಹೊಗೆಯ ಮಾನದಂಡದಲ್ಲಿ ಬಿಎಸ್-4ರಿಂದ ಐದನ್ನು ಹಾರಿ ನೇರ ಬಿಎಸ್-6ಕ್ಕೆ ಬಂತು. ಇಂಧನದಲ್ಲಿರಬಹುದಾದ ಗಂಧಕದ ಮಿತಿ ಹತ್ತು ಲಕ್ಷ ಪಾಲಿನಲ್ಲಿ 50ರಿಂದ 10ಕ್ಕೆ ಇಳಿಯಿತು. ಡೀಸೆಲ್ ಗಾಡಿಗಳ ಹೊಗೆ ಕೊಳವೆಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಆ ಫಿಲ್ಟರ್ ತನ್ನಲ್ಲಿ ಕೂತ ಮಸಿಯನ್ನು ತಾನೇ ಸುಟ್ಟು ಶುದ್ಧವಾಗಬೇಕಾದರೆ ಗಾಡಿ ಒಂದಿಷ್ಟು ಹೊತ್ತು ವೇಗವಾಗಿ ಓಡಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಫೀಸಿಗೂ ಮನೆಗೂ ತೆವಳುವ ಕಾರಿಗೆ ಆ ಅವಕಾಶ ಸಿಗುವುದಿಲ್ಲ. ಮಸಿ ತುಂಬುತ್ತದೆ, ಡ್ಯಾಷ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ, ಎಂಜಿನ್ನಿನ ಕಸುವು ಕುಂದುತ್ತದೆ. ಇದು ಗೊತ್ತಿಲ್ಲದವನು ಇಂಜೆಕ್ಟರ್ ಬಿಚ್ಚುತ್ತಾನೆ. ಗೊತ್ತಿದ್ದವನು ಗ್ರಾಹಕರನ್ನು ಮೊದಲು ಕೇಳುವ ಪ್ರಶ್ನೆಯೇ ಬೇರೆ: ‘ಸರ್, ಗಾಡಿ ಹೈವೇಗೆ ಹೋಗಿ ಎಷ್ಟು ದಿನ ಆಯ್ತು?’

ಗಾಡಿಯ ಕಂಟ್ರೋಲ್ ಯೂನಿಟ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಎಲ್ಲವೂ ತಿಳಿಯುತ್ತದೆ ಎಂಬುದೂ ಭ್ರಮೆ. ಪಿ0300 ಎಂಬ ಕೋಡ್ ಬಂದರೆ ಹಲವು ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಕಾರಣ ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ, ಎಲ್ಲಿಂದಲೋ ಗಾಳಿ ಸೋರುತ್ತಿದೆಯೋ, ಕಂಪ್ರೆಷನ್ನೇ ಬಿದ್ದಿದೆಯೋ ಎಂಬುದನ್ನು ಕೋಡ್ ಹೇಳುವುದಿಲ್ಲ. ಒಂದೊಂದನ್ನೇ ಪರೀಕ್ಷಿಸಿ ತಳ್ಳಿಹಾಕುತ್ತ ಬರಬೇಕು. ಅದಕ್ಕೆ ಕೈಯ ಪಳಗುವಿಕೆಯೂ ಬೇಕು, ತರ್ಕವೂ ಬೇಕು, ಸರ್ವಿಸ್ ಮ್ಯಾನ್ಯುಯಲ್ ಓದುವಷ್ಟು ಇಂಗ್ಲಿಷೂ ಬೇಕು. ಐಟಿಐ ಹುಡುಗರು ಹೆಚ್ಚಾಗಿ ಮುಗ್ಗರಿಸುವುದು ಈ ಕೊನೆಯದರಲ್ಲಿ.

ವಿದ್ಯುತ್ ವಾಹನ ಬಂದ ಮೇಲಂತೂ ಕೇಳಿ ಕಲಿತ ವಿದ್ಯೆ ಪ್ರಾಣಕ್ಕೇ ಎರವಾಗಬಹುದು. ವಿದ್ಯುತ್ ಕಾರುಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಎಂದರೆ ಹೈ ವೋಲ್ಟೇಜ್ ಎಂದರ್ಥ. ಕೆಲಸಕ್ಕೆ ಇಳಿಯುವ ಮುನ್ನ ಸಂಪರ್ಕ ಕಡಿಯಬೇಕು, ಕೆಪಾಸಿಟರುಗಳು ಖಾಲಿಯಾಗುವವರೆಗೆ ಕಾಯಬೇಕು, ವಿದ್ಯುತ್ ನಿರೋಧಕ ಕೈಗವಸು ತೊಟ್ಟು ಮೀಟರ್ ಹಿಡಿದು ಶೂನ್ಯ ತೋರುತ್ತಿದೆಯೇ ಎಂದು ನೋಡಬೇಕು. ವಿದ್ಯುತ್ ವಾಹನಕ್ಕೆಂದು 2017ರಲ್ಲೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ರಸ್ತೆಗೆ ಇಳಿಯುತ್ತಿರುವ ಈ ಗಾಡಿಗಳನ್ನು ನಾಳೆ ಹೋಬಳಿ ಮಟ್ಟದಲ್ಲಿ ಮುಟ್ಟಬಲ್ಲವರು ಯಾರು? ಉತ್ತರ ತರಬೇತಿ ಪಡೆದ ಟೆಕ್ನಿಷಿಯನ್ನುಗಳೇ.

ಆಗಲೇ ಗ್ಯಾರೇಜಿನಲ್ಲಿ ಪಳಗಿ, ಕೈಯಲ್ಲಿ ಕಾಗದವಿಲ್ಲದವರಿಗೂ ದಾರಿ ಉಂಟು. ಹಿಂದಿನ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಸ್ವಂತ ಗ್ಯಾರೇಜು ಹಾಕುವವರಿಗೆ ಮುದ್ರಾ ಸಾಲದ ಬಾಗಿಲಿದೆ.

ಬಿ.ಇ. ಯಾರಿಗೆ?

ಇಷ್ಟು ಹೇಳಿದ ಮೇಲೆ ಪದವಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಬೈಕ್ ಏಕೆ ತಿರುವಿನಲ್ಲಿ ವಾಲುತ್ತದೆ, ಟರ್ಬೊ ಇದ್ದರೆ ಎಂಜಿನ್ ಏಕೆ ಚಿಕ್ಕದಾದರೂ ಸಾಕು ಎಂದು ಕೇಳುವ, ಉತ್ತರ ಸಮೀಕರಣದ ರೂಪದಲ್ಲಿ ಬಂದರೆ ಖುಷಿಪಡುವ ಮಕ್ಕಳಿದ್ದಾರೆ. ಅವರನ್ನು ಐಟಿಐಗೆ ಕಳಿಸಿದರೆ ಅದೂ ಅನ್ಯಾಯವೇ. ಅವರು ನೇರ ಬಿ.ಇ.ಗೆ ಹೋಗಲಿ. ಐಟಿಐ, ಡಿಪ್ಲೊಮಾ ದಾಟಿ ಬಂದವರಿಗೆ ಬಿ.ಇ. ಎರಡನೇ ವರ್ಷದ ಗಣಿತ ದೊಡ್ಡ ತಡೆಗೋಡೆ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಪಿಯುಸಿಯಲ್ಲಿ ಎರಡು ವರ್ಷ ಕ್ಯಾಲ್‌ಕ್ಯುಲಸ್ ಅರೆದು ಬಂದವರ ಜೊತೆ ಅವರು ಓಡಬೇಕಾಗುತ್ತದೆ. ಲ್ಯಾಟರಲ್ ಎಂಟ್ರಿ ಸೀಟುಗಳೂ ಮಿತ. ಮೆಟ್ಟಿಲು ಇದೆ ಎಂದ ಮಾತ್ರಕ್ಕೆ ಅದು ಸಲೀಸು ಎಂದಲ್ಲ.

ಆದರೆ ಬಿ.ಇ. ಎಂದರೆ ಯಾವ ವಿಭಾಗ? ಕಾರಿನ ಹುಚ್ಚಿರುವವರು ‘ಆಟೊಮೊಬೈಲ್’ ಎಂಬ ಹೆಸರು ಕಂಡೊಡನೆ ಆ ಸೀಟಿಗೆ ಕೈಹಾಕುತ್ತಾರೆ. ಬೆಂಗಳೂರಿನ ವಾಹನ ಸಂಶೋಧನಾ ಕೇಂದ್ರಗಳಲ್ಲಿ ಕೂತವರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಓದಿದವರು ಬೇಕಾದಷ್ಟಿದ್ದಾರೆ. ಇಂದಿನ ಕಾರಿನೊಳಗೆ ಹತ್ತಾರು ಕಂಟ್ರೋಲ್ ಯೂನಿಟ್‌ಗಳು ಒಂದರೊಡನೊಂದು ಮಾತಾಡುತ್ತಿರುತ್ತವೆ. ಆ ಮಾತುಕತೆಗೆ ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ‘ಕ್ಯಾನ್’ ಪದ್ಧತಿಯನ್ನು ಅರಿತ ಎಲೆಕ್ಟ್ರಾನಿಕ್ಸ್ ಪದವೀಧರೆ ಕಾರಿಗೆ ಬಹಳ ಹತ್ತಿರದವಳು, ಅವಳ ಪದವಿಯಲ್ಲಿ ಆಟೊಮೊಬೈಲ್ ಎಂಬ ಹೆಸರು ಇಲ್ಲದಿದ್ದರೂ. ಇನ್ನು ಬಿ.ಇ. ಸೇರಿದವರು ವರ್ಕ್‌ಶಾಪಿನ ಕಡೆ ತಲೆ ಹಾಕದೆ ಇರುವುದೂ ತರವಲ್ಲ. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಚ್ಚಾ ಹಾದಿಯಲ್ಲಿ ಓಡುವ ಗಾಡಿಯೊಂದನ್ನು ತಾವೇ ವಿನ್ಯಾಸ ಮಾಡಿ ಕಟ್ಟಿ ಓಡಿಸಬೇಕು. ಪೈಪು ಕತ್ತರಿಸಿ ವೆಲ್ಡ್ ಮಾಡಿದ ಆ ರಾತ್ರಿಗಳು ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತವೆ.

ಸೇರುವ ಮುನ್ನ ಕೇಳಬೇಕಾದದ್ದು

ಐಟಿಐ ಎಂದರೆ ಎಲ್ಲವೂ ಒಂದೇ ಅಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದ್ದು, 2022ರಲ್ಲಿ ಅವು ಲೋಕಾರ್ಪಣೆಗೊಂಡವು. ಇನ್ನೊಂದೆಡೆ ಒಂದೇ ಕೋಣೆಯಲ್ಲಿ ತುಕ್ಕು ಹಿಡಿದ ಎಂಜಿನ್ ಇಟ್ಟುಕೊಂಡು ಪ್ರವೇಶ ಕೊಡುವ ಸಂಸ್ಥೆಗಳೂ ಇವೆ. ಕಾಲೇಜುಗಳ ಕತೆಯೂ ಇದೇ. ಆದ್ದರಿಂದ ಜಾಹೀರಾತು ಓದಿ ನಿರ್ಧರಿಸದೆ ಮಗುವನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ವರ್ಕ್‌ಶಾಪಿನಲ್ಲಿ ಬಿಎಸ್-6 ಎಂಜಿನ್ ಇದೆಯೇ, ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಒಂದು ಕಾರಾದರೂ ಇದೆಯೇ ನೋಡಿ. ಸ್ಕ್ಯಾನರನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೋ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೋ ಕೇಳಿ. ಟ್ರೇಡಿಗೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ರೈಲ್ವೆ, ಸಾರಿಗೆ ನಿಗಮದ ಅರ್ಜಿಗಳು ಅಲ್ಲೇ ತಿರಸ್ಕೃತವಾಗುತ್ತವೆ. ಹೋದ ವರ್ಷ ಪಾಸಾದವರಲ್ಲಿ ಇಬ್ಬರು ಮೂವರನ್ನು ಹುಡುಕಿ, ಅಪ್ರೆಂಟಿಸ್ ಎಲ್ಲಿ ಸಿಕ್ಕಿತು ಎಂದು ವಿಚಾರಿಸಿ.

ಅದಕ್ಕೂ ಮೊದಲು ಮಾಡಬಹುದಾದ ಪರೀಕ್ಷೆ ಒಂದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶ ಬರುವ ತನಕದ ರಜೆಯಲ್ಲಿ ಪರಿಚಯದ ಗ್ಯಾರೇಜಿಗೆ ಮಗುವನ್ನು ಕಳಿಸಿ. ಸಂಬಳಕ್ಕಲ್ಲ, ನೋಡುವುದಕ್ಕೆ. ಬಿಸಿಲಿನಲ್ಲಿ ಗಾಡಿಯ ಕೆಳಗೆ ಮಲಗಿ ಎದ್ದ ಮೇಲೂ ಮರುದಿನ ತಾನಾಗಿಯೇ ಹೊರಟು ನಿಂತರೆ ಅದೊಂದು ಉತ್ತರ. ‘ಇದು ಹೀಗೇಕೆ ಮಾಡಿದ್ದಾರೆ, ಬೇರೆ ಥರ ಮಾಡಬಹುದಿತ್ತಲ್ಲ’ ಎಂದು ಮನೆಗೆ ಬಂದು ಚಿತ್ರ ಬಿಡಿಸಲು ಕೂತರೆ ಇನ್ನೊಂದು ಉತ್ತರ. ಎರಡೂ ಅಲ್ಲದೆ, ಕಾರು ಓಡಿಸುವುದಷ್ಟೇ ಇಷ್ಟ ಎಂದು ಗೊತ್ತಾದರೆ ಅದೂ ಲಾಭವೇ.

ಮಾನದ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಒಪ್ಪಿದ ಮೇಲೂ ಮನೆಯವರು ಹಿಂಜರಿಯುವುದಕ್ಕೆ ಕಾರಣ ದುಡ್ಡಲ್ಲ. ‘ಮಗ ಏನು ಮಾಡ್ತಾನೆ?’ ಎಂದು ನೆಂಟರು ಕೇಳಿದಾಗ ‘ಎಂಜಿನಿಯರಿಂಗ್’ ಎನ್ನುವುದಕ್ಕೂ ‘ಐಟಿಐ’ ಎನ್ನುವುದಕ್ಕೂ ನಡುವೆ ಇರುವ ದೂರ ಅವರಿಗೆ ಗೊತ್ತು. ಹೆಣ್ಣು ಕೇಳಲು ಹೋದಾಗ ಆ ದೂರ ಇನ್ನೂ ಹೆಚ್ಚುತ್ತದೆ. ಕೈಯಿಂದ ಮಾಡುವ ಕೆಲಸವನ್ನು ಜಾತಿಯ ಜೊತೆಗೆ ಕಟ್ಟಿಹಾಕಿ ಕೀಳೆಂದು ಕಂಡ ಸಮಾಜ ನಮ್ಮದು. ಆ ನೋಟ ಮದುವೆ ಮಾತುಕತೆಯಲ್ಲೂ ಕಾಲೇಜು ಆಯ್ಕೆಯಲ್ಲೂ ಇಣುಕುತ್ತದೆ. ಬೇರೆಡೆ ಇದನ್ನು ಕಾಗದದ ಮೇಲೆಯೇ ತಿದ್ದಿದ್ದಾರೆ. ಜರ್ಮನಿಯಲ್ಲಿ ಕಸುಬಿನ ಹಾದಿಯಲ್ಲೇ ಮೇಲೇರಿ ‘ಮೈಸ್ಟರ್’ ಆದವರನ್ನು ಆ ದೇಶದ ಅರ್ಹತಾ ಪಟ್ಟಿ ಬ್ಯಾಚುಲರ್ ಪದವೀಧರರ ಸಮಕ್ಕೆ, ಆರನೇ ಮಟ್ಟದಲ್ಲಿ, ಕೂರಿಸುತ್ತದೆ. ನಮ್ಮಲ್ಲಿ ಒಬ್ಬ ನುರಿತ ಮೆಕ್ಯಾನಿಕ್‌ಗೆ ಸಿಗುವ ಗೌರವ ಗಾಡಿ ನಡುದಾರಿಯಲ್ಲಿ ನಿಂತ ಹೊತ್ತಿನದು. ಗಾಡಿ ಹೊರಟಿತೆಂದರೆ ಮುಗಿಯಿತು.

ಆ ನೋಟ ಬದಲಾಗುವವರೆಗೆ ಯಾವ ಹದಿನಾರರ ಮಗುವೂ ಕಾಯಲಾರದು. ಅದರ ಮುಂದಿರುವುದು ಪ್ರವೇಶದ ಕೊನೆಯ ದಿನಾಂಕ. ಸಮೀಕರಣ ಕಂಡರೆ ಕಣ್ಣರಳಿಸುವ ಮಗು ಪಿಯುಸಿಗೆ ಹೋಗಲಿ, ಬಿಚ್ಚಿದ ಎಂಜಿನ್ ಕಂಡರೆ ಕಣ್ಣರಳಿಸುವ ಮಗು ಐಟಿಐಗೆ ಹೋಗಲಿ, ಎರಡೂ ಬೇಕೆನ್ನುವ ಮಗುವಿಗೆ ಡಿಪ್ಲೊಮಾ ಇದೆ. ಇನ್ನೂ ಗೊತ್ತಾಗುತ್ತಿಲ್ಲ ಎನ್ನುವವರು ಸ್ಪ್ಯಾನರಿನಿಂದ ಹೊರಡಲಿ. ಪದವಿ ಬೇಕೆನಿಸಿದರೆ ಅಲ್ಲಿಗೆ ಹೋಗುವ ಈ ದಾರಿ ನೇರ ದಾರಿಗಿಂತ ಒಂದೇ ವರ್ಷ ಹೆಚ್ಚು ಉದ್ದ. ನೆಂಟರಿಗೆ ಕೊಡಬೇಕಾದ ಉತ್ತರವನ್ನು ತಂದೆತಾಯಿ ಯೋಚಿಸಿಕೊಳ್ಳಲಿ. ಅದು ಮಗುವಿನ ಪರೀಕ್ಷೆ ಅಲ್ಲ.